ಪಪ್ಪಾಯಿ ತೋಟಕ್ಕೆ ಬಂದ ಹೊಸಬಳು

ತೋಟದ ಮನೆ
ಫೆಬ್ರವರಿ ೯

ಗುಬ್ಬಿಗೆ,

ಅಕ್ಕನಿಂದ ಕಾಗದ ಬಂತೆಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನು ಮಾಡಬಹುದಿತ್ತು. ಆದರೆ ಅಪ್ಪ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದಾಗೆಲ್ಲ ಏನಾಗಿದೆಯೆಂದು ನಿನಗೂ ಗೊತ್ತು.

ವಿಷಯ ಇಷ್ಟೇ. ಕೆಳತೋಟದ ಪಪ್ಪಾಯಿಗೆ ಬಿಳಿ ಹಿಟ್ಟುತಿಗಣೆ ಹತ್ತಿದೆ. ನಿನ್ನ ಭಾವ, "ಪ್ರತಿ ಬೇಸಿಗೆ ಬರೋದೇ ತಾನೆ, ಮಳೆ ಬಿದ್ರೆ ತೊಳ್ಕೊಂಡು ಹೋಗುತ್ತೆ" ಎನ್ನುತ್ತಾರೆ. ನನಗೆ ಹಾಗನ್ನಿಸುತ್ತಿಲ್ಲ. ನಮ್ಮ ಮಾಮೂಲಿ ತಿಗಣೆ ನಿನಗೆ ಗೊತ್ತಲ್ಲ, ಬಾವಿ ಹತ್ತಿರದ ದಾಸವಾಳದ ಚಿಗುರಿನಲ್ಲಿ ಅಷ್ಟಿಷ್ಟು ಕೂತು ತನ್ನ ಪಾಡಿಗೆ ತಾನಿರುತ್ತದೆ. ಇದು ಹಾಗಲ್ಲ. ಎಲೆಯ ಅಡಿ, ಕಾಯಿ, ಕಾಂಡ ಒಂದನ್ನೂ ಬಿಟ್ಟಿಲ್ಲ. ಕಾಯಿಗಳನ್ನು ಯಾರೋ ಹತ್ತಿಯಲ್ಲಿ ಸುತ್ತಿಟ್ಟ ಹಾಗಿದೆ. ಪಕ್ಕದ ಬದನೆಗೂ ಹತ್ತಿತು, ಬೇಲಿಯ ಕಳೆಗೂ ಹತ್ತಿತು. ಮುಟ್ಟಿದರೆ ಕೈಯೆಲ್ಲ ಅಂಟು.

ಎರಡು ಸೀಸೆ ಕಳಿಸುತ್ತಿದ್ದೇನೆ, ಒಂದರಲ್ಲಿ ದಾಸವಾಳದ್ದು, ಇನ್ನೊಂದರಲ್ಲಿ ಪಪ್ಪಾಯಿಯದು. ಗಾಯಕ್ಕೆ ಹಚ್ಚುವ ಸ್ಪಿರಿಟ್ಟಿನಲ್ಲಿ ಹಾಕಿದೆ. ದಾಸವಾಳದ್ದು ಹಾಕಿದ ಹಾಗೇ ಇದೆ. ಪಪ್ಪಾಯಿಯದು ಬೆಳಗಾಗುವುದರೊಳಗೆ ಮಸಿಯ ಹಾಗೆ ಕಪ್ಪಾಗಿ ಕೂತಿದೆ. ಕೊಳೆಯಿತೋ ಏನೋ. ಬೇಡವಾದರೆ ಬಿಸಾಡು.

ನೀನು ಕೀಟ ಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದೀಯಲ್ಲ, ಅದಕ್ಕೆ ಇದೇನೆಂದು ಕೇಳುತ್ತಿದ್ದೇನೆ, ಬೇರೇನೂ ಇಲ್ಲ.

ಇತಿ,
ಅಕ್ಕ


ಕೀಟ ಸಂಗ್ರಹಾಲಯ, ಮೇಲಿನ ಮಹಡಿ
ಫೆಬ್ರವರಿ ೧೭

ಪ್ರೀತಿಯ ಅಕ್ಕನಿಗೆ,

ಕೊಳೆತಿಲ್ಲ ಅಕ್ಕ, ಕೊಳೆತಿಲ್ಲ. ಕಪ್ಪಾಗಿದ್ದೇ ಅದರ ಗುರುತು.

ಸೀಸೆ ಬಂದ ಕೂಡಲೇ ಬಿಚ್ಚಿದೆ. ನಮ್ಮ ದಾಸವಾಳದ ತಿಗಣೆ ಸ್ಪಿರಿಟ್ಟಿನಲ್ಲಿ ವರ್ಷಗಟ್ಟಲೆ ಇಟ್ಟರೂ ಮಾಸಲು ಬಿಳಿಯಾಗೇ ಇರುತ್ತದೆ. ಹೀಗೆ ಕಪ್ಪಾಗುವ ಒಂದು ಬಳಗವಿದೆ, ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಮೈಮೇಲಿನ ಬಿಳಿ ಮೇಣ ತೊಳೆದು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬೆನ್ನಿನ ಅಂಚಿನ ಮುಳ್ಳು, ಮೇಣ ಸುರಿಸುವ ನಳಿಗೆ, ಹಿಂಗಾಲಿನ ರಂಧ್ರ, ಎಲ್ಲ ಎಣಿಸಿದೆ. ನಮ್ಮ ಸಂಗ್ರಹದಲ್ಲಿರುವ ಯಾವುದಕ್ಕೂ ತಾಳೆಯಾಗಲಿಲ್ಲ. ದೊಡ್ಡ ಮೇಡಮ್ಮನ್ನು ಕರೆದೆ. ಅವರು ಕಣ್ಣಿಟ್ಟು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು, ಮತ್ತೆ ನೋಡಿದರು. "ಎಲ್ಲಿಂದ ಬಂತಮ್ಮಾ ಇದು?" ಅಂದರು. ನಮ್ಮಕ್ಕನ ತೋಟದಿಂದ ಅಂದೆ. ಎಷ್ಟು ಹೆಮ್ಮೆಯಾಯಿತು ಗೊತ್ತಾ. ಈ ದೇಶದಲ್ಲಿ ಈ ಹುಳವನ್ನು ಮೊದಲು ಗುರುತಿಸಿದವಳು ನೀನು. ಇಡೀ ಮಹಡಿ ನನ್ನ ಮೇಜಿನ ಸುತ್ತ ಸೇರಿತ್ತು. ಮೇಡಂ ಎಲ್ಲರಿಗೂ ಚಹಾ ತರಿಸಿದರು.

ಪುಸ್ತಕದ ಚಿತ್ರಗಳಿಗೆ ತಾಳೆ ಹಾಕಿ ನೋಡಿದೆವು, ಇವಳು ಸಮುದ್ರದಾಚೆಯವಳು. ಹಣ್ಣಿಗೋ ಸಸಿಗೋ ಅಂಟಿಕೊಂಡು ಬಂದಿರಬೇಕು. ನಮ್ಮವಳಿಗೂ ಇವಳಿಗೂ ಏನು ವ್ಯತ್ಯಾಸ ಕೇಳು. ನಮ್ಮವಳು ಕೆಲವೇ ಗಿಡ ಮುಟ್ಟುತ್ತಾಳೆ, ಬಿಸಿಲಿನ ತಿಂಗಳಲ್ಲಿ ಹೆಚ್ಚುತ್ತಾಳೆ, ಮಳೆಗೆ ಇಳಿಯುತ್ತಾಳೆ. ಅವಳ ಹಿಂದೆ ಗುಲಗಂಜಿ ಹುಳು ಇದೆ, ಸಣ್ಣ ಕಣಜಗಳಿವೆ, ಬೂಷ್ಟಿದೆ. ಕಾಲಾಂತರದಿಂದ ಇಲ್ಲೇ ಇದ್ದು ಒಬ್ಬರನ್ನೊಬ್ಬರು ಅಳೆದಿಟ್ಟುಕೊಂಡಿದ್ದಾರೆ. ಹೊಸಬಳ ಶತ್ರುಗಳೆಲ್ಲ ಅವಳ ತವರಲ್ಲೇ ಉಳಿದರು. ಇಲ್ಲಿ ಅವಳನ್ನು ತಿನ್ನಬೇಕೆಂದು ಗೊತ್ತಿರುವವರೇ ಇಲ್ಲ. ಮೊಟ್ಟೆಯೂ ಹೆಚ್ಚು, ಮೇಯುವ ಗಿಡವೂ ಹೆಚ್ಚು. ಹೊರಗಿಂದ ಬಂದ ಹುಳಗಳಲ್ಲಿ ಬಹಳಷ್ಟು ಬಂದ ಜಾಗದಲ್ಲೇ ಸಾಯುತ್ತವೆ. ಇವಳು ಬದುಕಿದಳು.

ನಿಯಮದಂತೆ ಸಸ್ಯರಕ್ಷಣೆ ಇಲಾಖೆಗೆ ತಿಳಿಸಿದ್ದೇವೆ. ಅವರು ಬಂದು ನೋಡಬಹುದು. ಇನ್ನಷ್ಟು ಕಳಿಸು, ಗಂಡು ಸಿಕ್ಕರೆ ಅದನ್ನೂ. ಗಂಡಿಗೆ ರೆಕ್ಕೆ ಇರುತ್ತದೆ, ಸೊಳ್ಳೆಗಿಂತ ಚಿಕ್ಕದು.

ನಿನ್ನ,
ಗುಬ್ಬಿ


ತೋಟದ ಮನೆ
ಮಾರ್ಚ್ ೨

ಗುಬ್ಬಿಗೆ,

ಇಲಾಖೆಯವರು ಬಂದು ನೋಡಿದರು. ನೋಡಿ, ಆಳುಗಳನ್ನು ಕರೆಸಿ, ಕೆಳತೋಟವನ್ನು ಪೂರ್ತಿ ಕಡಿಸಿ ಸುಟ್ಟರು. ಹಸಿ ಗಿಡ ಬೇಗ ಸುಡುವುದಿಲ್ಲ, ಹೊಗೆ ಇನ್ನೂ ಇದೆ. ಕಾಯಿ ತುಂಬಿದ ಗಿಡಗಳು. ಮೇಲ್ತೋಟಕ್ಕೆ ಹರಡಿದರೆ ಅದನ್ನೂ ಕಡಿಯುತ್ತೇವೆಂದು ಹೇಳಿ ಹೋಗಿದ್ದಾರೆ. ಗೇಟಿಗೆ ಒಂದು ಹಳದಿ ಹಲಗೆ ಹೊಡೆದಿದ್ದಾರೆ. ಪಕ್ಕದ ತೋಟದ ಮಾವ ಹಲಗೆ ಓದಿ, ನಮ್ಮ ಮನೆಯಿಂದಲೇ ರೋಗ ಹೊರಟಿತೆಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ಗಂಡು ಹುಳ ಹುಡುಕಲು ನನಗೆ ಪುರುಸೊತ್ತಾಗಲಿಲ್ಲ.

ಚಹಾ ಚೆನ್ನಾಗಿತ್ತೇ?

ಇತಿ,
ಅಕ್ಕ


ಸಂಗ್ರಹಾಲಯ
ಮಾರ್ಚ್ ೮

ಅಕ್ಕಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಎಷ್ಟೋ ಹೊತ್ತು ಒಳಗೆ ಹೋಗಲಾಗಲಿಲ್ಲ. ಇಲಾಖೆಗೆ ತಿಳಿಸದೆ ಇರಲು ಬರುತ್ತಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಬರೆಯುವಾಗ ನನ್ನ ಕಣ್ಣಿಗೆ ಹುಳ ಕಂಡಿತ್ತು, ಗಿಡ ಕಂಡಿರಲಿಲ್ಲ.

ಒಂದು ಮಾತು. ಮೇಲ್ತೋಟಕ್ಕೆ ಔಷಧಿ ಹೊಡೆಯುವ ಯೋಚನೆ ಇರಬಹುದು. ಹೊಸಬಳ ಮೈಮೇಲಿನ ಮೇಣಕ್ಕೆ ಔಷಧಿ ತಾಕುವುದಿಲ್ಲ, ಜಾರಿ ಬೀಳುತ್ತದೆ. ಮೊಟ್ಟೆಯ ಚೀಲದೊಳಗಂತೂ ಇಳಿಯುವುದೇ ಇಲ್ಲ. ಸಾಯುವುದು ಗುಲಗಂಜಿ ಹುಳು, ಜೇಡ, ಕಣಜ. ಅವು ಸತ್ತರೆ ಆಮೇಲೆ ನಮ್ಮವಳೂ ಅವಳ ಜೊತೆ ಸೇರಿಕೊಳ್ಳುತ್ತಾಳೆ.

ಔಷಧಿಯ ಬಗ್ಗೆ ನಿನಗೆ ಹೇಳುವ ಬಾಯಿ ನನಗಿಲ್ಲವೆಂದು ಗೊತ್ತು. ಹುಳದ ಬಗ್ಗೆ ಮಾತ್ರ ಹೇಳಿದ್ದೇನೆ.

ಗುಬ್ಬಿ


ಸಂಗ್ರಹಾಲಯ
ಮಾರ್ಚ್ ೨೬

ಅಕ್ಕಾ,

ಉತ್ತರ ಬರಲಿಲ್ಲ. ಆದರೂ ಇದನ್ನು ಹೇಳದೆ ಇರಲಾರೆ.

ಹೊಸಬಳ ತವರಿನಲ್ಲಿ ಒಬ್ಬರು ಹಿರಿಯ ಕೀಟಶಾಸ್ತ್ರಜ್ಞರಿದ್ದಾರೆ. ಅಲ್ಲಿ ಅವಳನ್ನು ಹೇಗೆ ಹತೋಟಿಯಲ್ಲಿಡುತ್ತೀರಿ ಎಂದು ಬರೆದು ಕೇಳಿದ್ದೆ. ಅವರ ಉತ್ತರ ನಿನ್ನೆ ಬಂತು. ಅಲ್ಲಿಯ ಬೆಳೆಗಾರರಿಗೆ ಅವಳ ಹೆಸರೇ ಗೊತ್ತಿಲ್ಲವಂತೆ ಅಕ್ಕ. ನನ್ನ ಕಾಗದ ನೋಡಿ ಅವರು ತೋಟ ತೋಟ ಅಲೆದರಂತೆ, ಮುಳ್ಳುಬೇಲಿಯ ಯಾವುದೋ ಗಿಡದ ಸಂದಿಯಲ್ಲಿ ನಾಲ್ಕಾರು ಸಿಕ್ಕವಂತೆ. ಅದರಲ್ಲೂ ಅರ್ಧಕ್ಕರ್ಧ ಸತ್ತಿದ್ದವು, ಒಣಗಿ ಉಬ್ಬಿ, ಬೆನ್ನಲ್ಲೊಂದು ತೂತು. ಒಂದು ಕಣಜ ಅವಳ ಹೊಟ್ಟೆಯೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿಂದ ತಿಂದು ಬೆಳೆದು ಬೆನ್ನು ಕೊರೆದು ಹಾರುತ್ತದೆ. ನಮ್ಮಲ್ಲಿ ತೋಟ ಸುಡಿಸುವವಳು ತನ್ನೂರಲ್ಲಿ ಪಾಪದವಳು, ತಲೆಯೆತ್ತಲೂ ಆಗದವಳು.

ಆ ಕಣಜವನ್ನು ತರಿಸಲು ಅರ್ಜಿ ಹಾಕಿದ್ದೇವೆ. ಮೇಡಂ ನನ್ನ ಕೈಗೇ ಕೊಟ್ಟಿದ್ದಾರೆ.

ನಿನ್ನ ಗುಬ್ಬಿ


ತೋಟದ ಮನೆ
ಏಪ್ರಿಲ್ ೧೪

ಗುಬ್ಬಿಗೆ,

ಸಿಟ್ಟು ಇಳಿದಿಲ್ಲ, ಅದು ಇರಲಿ ಒಂದು ಕಡೆ. ಇದನ್ನು ಯಾರಿಗಾದರೂ ಹೇಳಬೇಕು, ನಿನ್ನ ಭಾವನಿಗೆ ಹೇಳಿದರೆ ನಗುತ್ತಾರೆ. ನೀನು ನಗುವುದಿಲ್ಲ.

ಹೊಸಬಳು ಮೇಲ್ತೋಟಕ್ಕೂ ಏರಿದ್ದಾಳೆ. ಕಳೆದ ತಿಂಗಳ ಕೊನೆಯಲ್ಲಿ ಒಂದು ಕಾಯಿಯನ್ನು ಹಿಡಿದು ನೋಡುತ್ತಿದ್ದಾಗ ಬಿಳಿ ಹಿಟ್ಟಿನ ನಡುವೆ ಒಂದು ಬಿಳಿ ಗುಡ್ಡೆ ಅಲ್ಲಾಡಿತು. ಮೈತುಂಬ ಅದೇ ಹಿಟ್ಟು ಬಳಿದುಕೊಂಡಿತ್ತು, ನಾನು ದೊಡ್ಡ ತಿಗಣೆಯೆಂದುಕೊಂಡೆ. ಅಲ್ಲ, ಅದು ತಿಗಣೆಗಳನ್ನು ಮೇಯುತ್ತಿತ್ತು. ಒಂದರ ಮೇಲೊಂದು, ಮೊಟ್ಟೆ ಚೀಲಕ್ಕೆ ತಲೆ ತೂರಿಸಿ, ನಿಧಾನವಾಗಿ, ಯಾರ ಹಂಗೂ ಇಲ್ಲದೆ. ಕಾಯಿಯ ಸಮೇತ ತಂದು ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದೆ. ಅಡುಗೆ ಮನೆಯ ಕಿಟಕಿಯಲ್ಲೇ ಇಟ್ಟಿದ್ದೆ, ಒಲೆಯ ಮೇಲೆ ಹಾಲು ಉಕ್ಕಿದರೂ ನನಗೆ ಪ್ರಜ್ಞೆಯಿಲ್ಲ.

ತಿಂದು ತಿಂದು ಒಂದು ದಿನ ಅದು ಕಡ್ಡಿಗೆ ಅಂಟಿ ಗೂಡಾಯಿತು. ಆ ಗೂಡಿಗೆ ಮುಖವಿದೆ ಗುಬ್ಬಿ. ಕೋತಿಯ ಮುಖ. ಎರಡು ಕಣ್ಣು, ಚಪ್ಪಟೆ ಮೂಗು, ಸಿಡುಕಿನ ಬಾಯಿ, ಎಲ್ಲ ಇದೆ, ಅಳತೆ ಮಾತ್ರ ಕಡಲೆ ಕಾಳಿನಷ್ಟು. ನಿನ್ನ ಭಾವ ನೋಡಿ, "ಇದು ನನ್ನ ಸೋದರತ್ತೆ ಅಲ್ವಾ?" ಎಂದರು. ಗಿಡ ಸುಟ್ಟ ಮೇಲೆ ಈ ಮನೆಯಲ್ಲಿ ಮೊದಲ ಸಲ ನಗು ಕೇಳಿದ್ದು ಅವತ್ತು. ಇಂದು ಬೆಳಿಗ್ಗೆ ಕೋತಿಯ ಹಣೆ ಬಿರಿದು ಒಂದು ಕಂದು ಚಿಟ್ಟೆ ಹೊರಗೆ ಬಂತು. ಚಿಟ್ಟೆ. ಚಿಟ್ಟೆಯ ಮರಿ ಹುಳ ತಿನ್ನುತ್ತದೆಂದು ನನಗೆ ಗೊತ್ತಿರಲಿಲ್ಲ.

ಇದು ನಮ್ಮದೋ, ಅವಳ ಹಿಂದೆ ಬಂದದ್ದೋ?

ಔಷಧಿ ಹೊಡೆದಿಲ್ಲ.

ಅಕ್ಕ


ಸಂಗ್ರಹಾಲಯ
ಏಪ್ರಿಲ್ ೨೧

ಅಕ್ಕಾ, ಅಕ್ಕಾ,

ನಮ್ಮದು. ಅಪ್ಪಟ ನಮ್ಮದು. ನಮ್ಮ ತಿಗಣೆಗಳನ್ನು ತಿಂದುಕೊಂಡಿದ್ದ ಚಿಟ್ಟೆ ಅದು. ಮೇಯುವಾಗ ತಿಗಣೆಯ ಹಿಟ್ಟನ್ನೇ ಬಳಿದುಕೊಂಡು ತಿಗಣೆಯ ಸಿಹಿ ಅಂಟಿಗಾಗಿ ಅದನ್ನು ಕಾಯುವ ಇರುವೆಗಳ ಕಣ್ಣು ತಪ್ಪಿಸುತ್ತದೆ. ಅದು ಹೊಸಬಳನ್ನು ಗುರುತು ಹಿಡಿದಿದೆ ಅಂದರೆ ಎಂಥ ಸುದ್ದಿ ಗೊತ್ತಾ. ಯಾರೂ ಹೇಳಿಕೊಡದೆ ತಾನೇ ರುಚಿ ನೋಡಿ, ಪರವಾಗಿಲ್ಲ ಅಂದುಕೊಂಡಿದೆ. ನಿನ್ನ ಕಾಗದವನ್ನು ಮಹಡಿಯವರಿಗೆಲ್ಲ ಓದಿ ಹೇಳಿದೆ. ಸೋದರತ್ತೆಯ ಜಾಗದಲ್ಲಿ ಮೇಡಂ ಅಳುವಷ್ಟು ನಕ್ಕರು.

ಆದರೆ ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಅದೊಂದರಿಂದ ತೋಟ ಉಳಿಯುವುದಿಲ್ಲ. ಚಿಟ್ಟೆ ತಿಗಣೆ ತುಂಬಿದ ಮೇಲಷ್ಟೇ ಬರುತ್ತದೆ, ಅದು ತಿನ್ನುವಷ್ಟರಲ್ಲಿ ಹೊಸಬಳು ಪಕ್ಕದ ಗಿಡಕ್ಕೆ ಹೋಗಿರುತ್ತಾಳೆ. ನಮಗೆ ಬೇಕಾದದ್ದು ಆ ಕಣಜವೇ.

ಕಣಜ ಬಂದಿದೆ. ನೆರೆಯ ದೇಶದಲ್ಲಿ ಈಗಾಗಲೇ ಬಿಟ್ಟು ನೋಡಿದ್ದಾರೆಂದು ಆಮೇಲೆ ತಿಳಿಯಿತು, ಅದರಿಂದ ಅನುಮತಿ ಬೇಗ ಸಿಕ್ಕಿತು. ಎರಡು ಬಾಗಿಲ ಬೀಗದ ಕೋಣೆಯಲ್ಲಿದೆ, ನನ್ನನ್ನೂ ಮೇಡಮ್ಮನ್ನೂ ಬಿಟ್ಟು ಯಾರೂ ಒಳಗೆ ಹೋಗುವಂತಿಲ್ಲ. ಅಲ್ಪವಿರಾಮದಷ್ಟು ಇದೆ ಅಷ್ಟೇ, ಮನುಷ್ಯರಿಗೆ ಕುಟುಕುವುದಿಲ್ಲ. ಇದೂ ಹೊರಗಿನದು, ನಾಳೆ ಇದೇ ಇನ್ನೊಂದು ಪೀಡೆಯಾದರೆ ಎಂಬ ಭಯ ನಿನಗೆ ಬರಬೇಕು, ನಮಗೂ ಇದೆ. ಅದಕ್ಕೇ ನಮ್ಮ ತಿಗಣೆಗಳನ್ನೆಲ್ಲ ಒಂದೊಂದಾಗಿ ಅದರ ಮುಂದಿಟ್ಟು ಕಾಯುತ್ತಿದ್ದೇನೆ. ಮೀಸೆಯಿಂದ ತಟ್ಟಿ ನೋಡುತ್ತದೆ, ಮುಂದೆ ಹೋಗುತ್ತದೆ. ಹೊಸಬಳನ್ನು ಕಂಡರೆ ಮಾತ್ರ ನಿಂತು, ತಿರುಗಿ, ಮೊಟ್ಟೆಯಿಡುತ್ತದೆ. ನೋಡುತ್ತಾ ನಾನು ಖುಷಿಗೆ ಕೂಗಿದೆ, ಹೊರಗಿನವರು ಬಾಗಿಲು ಬಡಿದರು.

ಪರೀಕ್ಷೆ ಮುಗಿಯಲು ಮಳೆಗಾಲದ ಬಹುಪಾಲು ಬೇಕು. ಮುಗಿದ ಮೇಲೆ ಬಿಡಲು ಒಂದು ತೋಟ ಬೇಕು, ಹೊಸಬಳಿರುವ, ಔಷಧಿ ಬೀಳದ ತೋಟ. ನಿಮ್ಮ ಕಡೆ ಉಳಿದವರೆಲ್ಲ ಹೊಡೆದಿದ್ದಾರೆ, ಇಲ್ಲವೇ ಕಡಿದಿದ್ದಾರೆ. ಉಳಿದಿರುವುದು ಮೇಲ್ತೋಟ ಒಂದೇ. ಮೇಡಂ ಇಲಾಖೆಗೆ ಬರೆದಿದ್ದಾರೆ. ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿನ್ನ ಗುಬ್ಬಿ


ತೋಟದ ಮನೆ
ಮೇ ೩

ಗುಬ್ಬಿಗೆ,

ಇಲಾಖೆಯ ಅಧಿಕಾರಿ ನಿನ್ನೆ ಮೇಲ್ತೋಟ ಕಡಿಸಲು ಆಳುಗಳೊಂದಿಗೆ ಬಂದರು. ಮೇಡಂ ಬರೆದ ಕಾಗದ ಅವರ ಕೈಸೇರಿರಲಿಲ್ಲ. ಗೇಟಿನ ಬೀಗ ನಾನು ತೆಗೆಯಲಿಲ್ಲ. ಭಾವ ನನ್ನ ಹಿಂದೆ ನಿಂತು ಕೆಮ್ಮುತ್ತಿದ್ದರು, ಜಗಳ ಬೇಡ ಎಂಬ ಅರ್ಥದ ಕೆಮ್ಮು.

ಅವರು ಕೆಟ್ಟವರಲ್ಲ. ಒಂದು ತೋಟ ಉಳಿಸಲು ಹೋಗಿ ನೂರು ತೋಟ ಕಳೆಯಲಾಗದೆಂದು ಹೇಳಿದರು, ಅದೂ ನಿಜವೇ. ನಾನು ನಿನ್ನ ಕಾಗದವನ್ನು ಸರಳುಗಳ ನಡುವಿನಿಂದ ಕೊಟ್ಟೆ. ಬಿಸಿಲಲ್ಲಿ ನಿಂತೇ ಓದಿದರು.

"ನಿಮ್ಮ ತಂಗೀನಾ ಇವ್ರು?"

"ಹೌದು."

"ಈ ಕಣಜ ಕೆಲ್ಸ ಮಾಡ್ಲಿಲ್ಲ ಅಂದ್ರೆ?"

"ಕೊಡಲಿ ನಾನೇ ಕೊಡ್ತೀನಿ. ಮೊದ್ಲನೇ ಗಿಡ ನಾನೇ ಕಡೀತೀನಿ."

ಮಳೆಗಾಲ ಮುಗಿಯುವವರೆಗೆ ಕಾಲ ಕೊಟ್ಟಿದ್ದಾರೆ. ಒಂದು ಕಾಯಿಯೂ ಗೇಟು ದಾಟಬಾರದು. ತೋಟದ ಸುತ್ತ ಕಳೆ ತೆಗೆಸಬೇಕು, ಇರುವೆ ಗೂಡು ಕೆಡವಬೇಕು. ಇಂದಿನಿಂದಲೇ ಶುರು ಮಾಡಿದ್ದೇವೆ.

ಇನ್ನೊಂದು ಮಾತು ಬರೆಯುತ್ತೇನೆ, ಇದಕ್ಕೆ ಉತ್ತರ ಬೇಡ. ಅಪ್ಪನ ಎದೆ ಹಾಳಾದದ್ದು ಔಷಧಿ ಹೊಡೆದೂ ಹೊಡೆದೂ ಎಂದು ನೀನು ಅವತ್ತು ಎಲ್ಲರೆದುರು ಹೇಳಿದೆ. ಆ ಔಷಧಿ ಕಲಸಿ ಪಂಪಿಗೆ ತುಂಬಿಸುತ್ತಿದ್ದವಳು ನಾನು. ನೀನು ನನ್ನ ಹೆಸರು ಎತ್ತಲಿಲ್ಲ, ನನಗೆ ಮಾತ್ರ ನನ್ನ ಹೆಸರೇ ಕೇಳಿಸಿತು. ಮಾರ್ಚಿನಲ್ಲಿ ಅಟ್ಟದಿಂದ ಆ ಪಂಪು ಇಳಿಸಿದ್ದೆ. ಹೆಗಲಿಗೆ ಹಾಕುವ ಪಟ್ಟಿಯಲ್ಲಿ ಇನ್ನೂ ಅಪ್ಪನ ಬೆವರಿನ ಕಲೆ ಇತ್ತು. ಮತ್ತೆ ಅಟ್ಟಕ್ಕೇರಿಸಿದೆ. ನಿನ್ನ ಕಾಗದ ಬಂದದ್ದು ಅದಾದ ಮೇಲೆ.

ನಿನ್ನ,
ಅಕ್ಕ


ತೋಟದ ಮನೆ
ಜುಲೈ ೩೦

ಗುಬ್ಬಿಗೆ,

ನೀನು ಹೇಳಿದ್ದು ಕಣ್ಣಾರೆ ಕಂಡೆ. ಜಡಿಮಳೆ ಹಿಡಿದು ಎಷ್ಟೋ ದಿನವಾಯಿತು. ದಾಸವಾಳದ ಮೇಲೆ ನಮ್ಮವಳು ಹೇಳಹೆಸರಿಲ್ಲದಂತಾಗಿದ್ದಾಳೆ. ಹೊಸಬಳು ಎಲೆಯಡಿಯಲ್ಲಿ ಹತ್ತಿ ಹೊದ್ದು ಬೆಚ್ಚಗೆ ಕೂತಿದ್ದಾಳೆ. ಸ್ವಲ್ಪ ಕಡಿಮೆಯಾಗಿದ್ದಾಳೆ, ಅಷ್ಟೇ. ಚಿಟ್ಟೆಯ ಮರಿಗಳು ಮೂಲೆಯ ಗಿಡಗಳಲ್ಲಿ ಒಂದಿಷ್ಟಿವೆ, ಪಾಪ, ದಣಿಯುವಷ್ಟು ತಿನ್ನುತ್ತಿವೆ. ಮೊದಲು ಬೈಯುತ್ತಾ ನೋಡುತ್ತಿದ್ದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಭೂತಗನ್ನಡಿ ಹಿಡಿದು ಹೊರಡುತ್ತೇನೆ. ಭಾವ ತಾವೇ ಚಹಾ ಮಾಡಿಕೊಳ್ಳಲು ಕಲಿತಿದ್ದಾರೆ.

ಗಂಡು ಸಿಕ್ಕಿತು. ರೆಕ್ಕೆಯಿರುವುದು. ಸೀಸೆಯಲ್ಲಿ ಕಳಿಸಿದ್ದೇನೆ, ಅಲ್ಲಾಡಿಸಬೇಡ.

ಕಣಜದ ಸುದ್ದಿ ಏನು? ಅಧಿಕಾರಿ ವಾರಕ್ಕೊಮ್ಮೆ ಗೇಟಿನ ಹತ್ತಿರ ಬೈಕು ನಿಲ್ಲಿಸಿ ಆಕಾಶ ನೋಡಿ ಹೋಗುತ್ತಾರೆ.

ಅಕ್ಕ


ಸಂಗ್ರಹಾಲಯ
ಸೆಪ್ಟೆಂಬರ್ ೧೫

ಅಕ್ಕಾ,

ನಿಮ್ಮಲ್ಲಿಂದ ವಾಪಸ್ಸು ಬಂದು ಮುಟ್ಟಿದೆ. ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದ ಕಣಜಗಳನ್ನು ನಿಮ್ಮಲ್ಲಿಗೆ ತರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ, ಪಕ್ಕದವರು ಕಿಟಕಿ ಮುಚ್ಚಿದರೆ ತೆಗೆದು, ಮತ್ತೆ ಮುಚ್ಚಿದರೆ ಮತ್ತೆ ತೆಗೆದು, ಅವರ ಹತ್ತಿರ ಬೈಸಿಕೊಂಡಿದ್ದೆ. ಹಿಂದಿರುಗುವಾಗ ಡಬ್ಬಿ ಚೀಲದೊಳಗೆ, ಎರಡೂ ಕೈ ಖಾಲಿ, ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಡಬ್ಬಿಯ ಮುಚ್ಚಳ ನೀನು ತೆಗೆದೆಯಲ್ಲ, ಆಗ ನಿನ್ನ ಮುಖ ನೋಡಿದೆ. ಕಣಜ ಹಾರಿದ್ದನ್ನು ನೋಡಲಿಲ್ಲ.

ಬಾವಿಕಟ್ಟೆಯ ಮೇಲೆ ಕೂತು ಮಾತಾಡಿದ್ದನ್ನು ಬರೆಯುವುದಿಲ್ಲ. ಅದು ಅಲ್ಲೇ ಇರಲಿ.

ಈಗ ಕಾಯಬೇಕು. ಕೆಲವು ವಾರ ಏನೂ ಕಾಣುವುದಿಲ್ಲ, ಹೆದರಬೇಡ. ಹೊಸಬಳು ಉಬ್ಬಿ, ಬಣ್ಣಗೆಟ್ಟು, ಗಟ್ಟಿಯಾಗಿ ಕೂತರೆ ಒಳಗೆ ಕಣಜವಿದೆಯೆಂದು ಅರ್ಥ. ಆಮೇಲೆ ತೂತು ಹುಡುಕು, ಸೂಜಿಯಲ್ಲಿ ಚುಚ್ಚಿದಂಥ ದುಂಡನೆ ತೂತು.

ನಿನ್ನ ಗುಬ್ಬಿ


ತೋಟದ ಮನೆ
ಅಕ್ಟೋಬರ್ ೨೨

ಗುಬ್ಬೀ,

ತೂತು.

ಮೊದಲು ಒಂದು ಗಿಡದಲ್ಲಿ ಕಂಡಿತು. ನನ್ನ ಕಣ್ಣನ್ನೇ ನಂಬದೆ ಭಾವನನ್ನು ಕರೆದೆ, ಅವರು ಕನ್ನಡಕ ತರಲು ಹೋಗಿ ಬರುವಷ್ಟರಲ್ಲಿ ನಾನು ಮೂರು ಸಾಲು ದಾಟಿದ್ದೆ. ಎಲ್ಲ ಕಡೆ ಇದೆ. ಎಲೆ ತಿರುಗಿಸಿದರೆ ಖಾಲಿ ಚಿಪ್ಪು, ತೂತು, ಖಾಲಿ ಚಿಪ್ಪು, ತೂತು. ಕೂತಲ್ಲೇ ಕೂತು ನಕ್ಕೆ, ಆಮೇಲೆ ಅಳು ಬಂತು, ಭಾವ ಯಾವುದಕ್ಕೆ ಏನು ಮಾಡಬೇಕೆಂದು ತಿಳಿಯದೆ ಭೂತಗನ್ನಡಿ ಹಿಡಿದು ನಿಂತಿದ್ದರು.

ಮಳೆಗಾಲ ಮುಗಿಯಿತೆಂದು ಅಧಿಕಾರಿ ಕಳೆದ ವಾರ ಬಂದರು. ಆಳುಗಳು ಗೇಟಿನಾಚೆ. ನಾನು ಕೊಡಲಿ ತಂದು ಕಟ್ಟೆಯ ಮೇಲಿಟ್ಟೆ, ಮಾತು ಕೊಟ್ಟಿದ್ದೆನಲ್ಲ. ಆಮೇಲೆ ಅವರ ಕೈಗೆ ಭೂತಗನ್ನಡಿ ಕೊಟ್ಟೆ. ಒಂದು ಎಲೆ ನೋಡಿದರು. ಇನ್ನೊಂದು. ಟೋಪಿ ತೆಗೆದು ಕೆಳಗಿಟ್ಟು ಗಿಡದ ಬುಡದಲ್ಲಿ ಮಂಡಿಯೂರಿ ಕೂತರು. ಕಡೆಯ ಸಾಲು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಆಳುಗಳನ್ನು ಮನೆಗೆ ಕಳಿಸಿ, ಹಳದಿ ಹಲಗೆಯ ಮೊಳೆಯನ್ನು ಅವರೇ ಕಿತ್ತರು. "ಅಮ್ಮ, ಈ ಎಲೆ ನಂಗೊಂದಿಷ್ಟು ಬೇಕು, ಬೇರೆ ತೋಟಕ್ಕೆ" ಎಂದು ಕೇಳಿದರು, ಮೆಲ್ಲಗೆ.

ಮರುದಿನ ಪಕ್ಕದ ತೋಟದ ಮಾವ ಗೇಟಿನ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದರು. ಊರೆಲ್ಲ ಹೇಳಿಕೊಂಡು ತಿರುಗಿದವರು. ಬುಟ್ಟಿ ಮುಂದೆ ಮಾಡಿದರು. ಒಳಗೆ ಕಣಜವಿರುವ ಹುಳ ಹತ್ತಿದ ಎಲೆ ತುಂಬಿ ಕೊಟ್ಟೆ. ಔಷಧಿ ಹೊಡೆದರೆ ಎಲ್ಲ ಸತ್ತುಹೋಗುತ್ತವೆಂದು ಎರಡು ಸಲ ಹೇಳಿ ಕಳಿಸಿದೆ. ಈಗ ದಿನವೂ ಯಾರಾದರೂ ಬರುತ್ತಾರೆ. ಒಂದು ಕಾಯಿಯನ್ನೂ ಹೊರಗೆ ಬಿಡದಿದ್ದ ಗೇಟಿನಿಂದ ಹುಳವನ್ನೇ ಬುಟ್ಟಿಗಟ್ಟಲೆ ಕೊಡುತ್ತಿದ್ದೇನೆ, ಕೈಮುಗಿದು ತೆಗೆದುಕೊಂಡು ಹೋಗುತ್ತಾರೆ.

ಈ ಕಾಗದ ಓದಿ ಮಹಡಿಯವರಿಗೆಲ್ಲ ಚಹಾ ತರಿಸು. ಈ ಸಲ ನನ್ನ ಲೆಕ್ಕದಲ್ಲಿ.

ನಿನ್ನ,
ಅಕ್ಕ


ಬಸ್ ನಿಲ್ದಾಣ
ಡಿಸೆಂಬರ್ ೧೯

ಗುಬ್ಬೀ,

ಬೆಳಗಿನ ಬಸ್ಸು ತಪ್ಪಿತು. ತಪ್ಪಿದ್ದಲ್ಲ, ನಾನೇ ಬಿಟ್ಟೆ.

ಟಿಕೆಟ್ಟು ಕೊಂಡು, ಚೀಲ ಕಾಲ ಬಳಿ ಇಟ್ಟು ನಿಂತಿದ್ದೆ. ನಿಲ್ದಾಣದ ಗೋಡೆಯ ಬಿರುಕಿನಲ್ಲಿ ಯಾರೋ ಉಗುಳಿದ ಬೀಜದಿಂದ ಒಂದು ಪಪ್ಪಾಯಿ ಎದ್ದಿದೆ, ಸೊಂಟದೆತ್ತರ. ಯಾರೂ ನೆಟ್ಟದ್ದಲ್ಲ, ಯಾರೂ ಅದಕ್ಕೆ ಕಣಜದ ಎಲೆ ತಂದು ಕಟ್ಟಿದ್ದಲ್ಲ. ಕೈ ಸುಮ್ಮನಿರದೆ ಎಲೆ ತಿರುಗಿಸಿದೆ. ಹೊಸಬಳು ಇದ್ದಾಳೆ, ಬೆರಳೆಣಿಕೆ. ಉಳಿದದ್ದೆಲ್ಲ ತೂತು ಬಿದ್ದ ಚಿಪ್ಪು. ಅಲ್ಪವಿರಾಮದಷ್ಟು ಪ್ರಾಣಿ, ನಮ್ಮ ತೋಟದಿಂದ ಇಲ್ಲಿಯವರೆಗೆ ರಸ್ತೆ, ಕೆರೆ, ಗಾರೆ ಅಂಗಳ ಎಲ್ಲ ದಾಟಿ ಅದಾಗಿಯೇ ಬಂದಿದೆ.

ಕಂಡಕ್ಟರು, "ಹತ್ತೋದಿದ್ರೆ ಹತ್ತಿ ಅಮ್ಮ" ಎಂದರು. ಒಂದು ನಿಮಿಷ ಇಲ್ಲಿ ಬಂದು ನೋಡಿ ಎಂದು ಕರೆದೆ. ಬಂದರು ಪಾಪ. ಭೂತಗನ್ನಡಿಯಲ್ಲಿ ಕಣ್ಣಿಟ್ಟು ನೋಡಿದರು.

"ಏನಿದೆ ಇದ್ರಲ್ಲಿ?"

"ತೂತು."

ನನ್ನನ್ನು ಮೇಲಿಂದ ಕೆಳಗೆ ನೋಡಿ ಸೀಟಿ ಊದಿ ಹೊರಟುಹೋದರು. ಆಮೇಲೆ ಬೆಂಚಿನ ಮೇಲಿದ್ದ ಒಬ್ಬರು ಏನೆಂದು ಕೇಳಿದರು. ಕೇಳಿದ್ದೇ ತಡ, ನಮ್ಮವಳಿಂದ ಹಿಡಿದು ಹೊಸಬಳವರೆಗೆ, ಕಣಜದವರೆಗೆ ಎಲ್ಲ ಹೇಳಿದೆ. "ನೀವು ಟೀಚರಾ?" ಎಂದರು. ಅಲ್ಲ, ನನ್ನ ತಂಗಿ ಈ ಹುಳಗಳ ಕೆಲಸದಲ್ಲಿದ್ದಾಳೆ, ಅವಳ ಮನೆಗೇ ಹೊರಟಿದ್ದೇನೆ ಎಂದೆ. ಲಕೋಟೆಯ ಮೇಲೆ ಬರೆದೂ ಬರೆದೂ ನಿನ್ನ ವಿಳಾಸ ಬಾಯಿಪಾಠವಾಗಿದೆ. ಮನೆಯ ಬಾಗಿಲು ಮಾತ್ರ ಯಾವ ಬಣ್ಣವೆಂದು ಗೊತ್ತಿಲ್ಲ.

ಅಂಚೆಗೆ ಹಾಕಿದರೆ ಇದು ನನಗಿಂತ ತಡವಾಗಿ ಬರುತ್ತದೆ, ಕೈಯಲ್ಲೇ ತರುತ್ತೇನೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಓದಿ ಮುಗಿಸು.

ಬಸ್ಸು ಬಂತು.

ನಿನ್ನ,
ಅಕ್ಕ